ಸಡಿಲ ಚರ್ಮಕ್ಕೊಂದು ಸೂಜಿ

ಇಂಚರಳ ಸಕ್ಕರೆ ಕಾಯಿಲೆಯ ಬಗ್ಗೆ ಏನೂ ಗೊತ್ತಿಲ್ಲದವರು ಕೊಳ್ಳೇಗಾಲದ ಆ ನೇಕಾರರ ಬೀದಿಯಲ್ಲಿ ಒಬ್ಬರೇ ಒಬ್ಬರಿದ್ದರು. ಅದು ಇಂಚರ. ಮಿಕ್ಕವರೆಲ್ಲ ಪಂಡಿತರು. ಎದುರುಮನೆಯ ಸದಾಶಿವಪ್ಪನವರಿಗೆ ಬೆಟ್ಟದಿಂದ ತರಿಸಿದ ಯಾವುದೋ ಎಲೆಯ ಮೇಲೆ ನಂಬಿಕೆ. ಅದನ್ನು ತಿಂದೂ ತಿಂದೂ ಅವರ ಸ್ವಂತ ಸಕ್ಕರೆ ಮುನ್ನೂರರಿಂದ ಕೆಳಗೆ ಇಳಿದಿರಲಿಲ್ಲ, ಆದರೆ ನಂಬಿಕೆಗೂ ಅದಕ್ಕೂ ಏನು ಸಂಬಂಧ? ಅಜ್ಜಿ ಸರಸ್ವತಮ್ಮನದು ಹಾಗಲಕಾಯಿ ರಸ. ಅಪ್ಪ ಶಿವಪ್ರಕಾಶನದು ಯೂಟ್ಯೂಬು. ತಾತ ಗೋವಿಂದಯ್ಯನವರಿಗೆ ಮಾತ್ರ ಇಂಥ ಯಾವುದರ ಮೇಲೂ ನಂಬಿಕೆ ಇರಲಿಲ್ಲ, ತಮ್ಮ ಎರಡು ಕೈಗಳ ಹೊರತು.

ಹುಡುಗಿಗೆ ಈಗ ಹದಿನಾಲ್ಕು. ಕಾಯಿಲೆ ಕಾಣಿಸಿಕೊಂಡಾಗ ಇನ್ನೂ ಹಲ್ಲು ಬೀಳುತ್ತಿದ್ದ ವಯಸ್ಸು. ಡಾಕ್ಟರು ಆಗಲೇ ಬಿಡಿಸಿ ಹೇಳಿದ್ದರು: ಇದು ಸಿಹಿ ತಿಂದು ಬಂದದ್ದಲ್ಲ, ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ, ಹೊರಗಿನಿಂದ ಕೊಡುತ್ತಲೇ ಇರಬೇಕು. ಬೀದಿಯವರು ಇದನ್ನೆಲ್ಲ ಗಮನವಿಟ್ಟು ಕೇಳಿ, ತಲೆದೂಗಿ, "ಅಲ್ಲ, ಎಳೆ ಮಗೀಗೆ ಅಷ್ಟೊಂದು ಸಕ್ರೆ ಯಾಕ್ ತಿನ್ನುಸುದ್ರಿ?" ಎಂದು ಕೇಳಿ ಎದ್ದು ಹೋಗಿದ್ದರು.

ಈಗ ಅವಳ ಸೊಂಟದಲ್ಲೊಂದು ಪುಟ್ಟ ಪಂಪು. ಅದರಿಂದ ಹೊರಟ ಸಣ್ಣ ನಳಿಗೆ ಹೊಟ್ಟೆಯ ಪಕ್ಕ ಅಂಟಿಸಿದ ಒಂದು ಬಿಲ್ಲೆಗೆ ಸೇರುತ್ತದೆ. ಬಿಲ್ಲೆಯ ಅಡಿಯಲ್ಲಿ, ಚರ್ಮದೊಳಗೆ, ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಒಂದು ಸೂಜಿ ಆ ಕೊಳವೆಯನ್ನು ಒಳಗೆ ಕರೆದುಕೊಂಡು ಹೋಗಿ ಬಿಟ್ಟು ತಾನು ಹೊರಗೆ ಬಂದುಬಿಡುತ್ತದೆ, ಮದುಮಗಳನ್ನು ಗಂಡನ ಮನೆಗೆ ಬಿಟ್ಟು ಬರುವ ಸೋದರಮಾವನ ಹಾಗೆ. ಈ ಬಿಲ್ಲೆ, ಕೊಳವೆ, ನಳಿಗೆ ಎಲ್ಲ ಸೇರಿ ಮನೆಯವರ ಬಾಯಲ್ಲಿ 'ಸೆಟ್ಟು'. ಮೂರು ದಿನಕ್ಕೊಮ್ಮೆ ಹಳೆಯದನ್ನು ಕಿತ್ತು ಹೊಸ ಸೆಟ್ಟು ಹಾಕಬೇಕು. ಹಾಕುವುದಕ್ಕೆ ಸ್ಪ್ರಿಂಗಿನ ಒಂದು ಡಬ್ಬಿ ಇತ್ತು. ಸೆಟ್ಟನ್ನು ಅದರಲ್ಲಿ ಕೂರಿಸಿ ಹೊಟ್ಟೆಗೆ ಒತ್ತಿ ಗುಂಡಿ ಅದುಮಿದರೆ 'ಟಪ್', ಅಷ್ಟೇ. ಮೊದಮೊದಲು ಅಮ್ಮ ಅಂಜನಾ ಅದುಮುತ್ತಿದ್ದಳು, ಈಚೆಗೆ ಇಂಚರಳೇ ಅದುಮಿಕೊಳ್ಳುತ್ತಿದ್ದಳು. ಅಪ್ಪನೂ ಒಂದು ಸಲ ಅದುಮಿದ್ದುಂಟು, ಕಣ್ಣು ಮುಚ್ಚಿಕೊಂಡು. ಆ 'ಟಪ್' ಸದ್ದಿಗೇ ಗೋಡೆಗೊರಗಿ ಜಾರಿ ಕೂತವನಿಗೆ ಅಜ್ಜಿ ನಿಂಬೆಹಣ್ಣಿನ ಪಾನಕ ಮಾಡಿ ಕುಡಿಸಿ, ಇಡೀ ಸಂಜೆ "ನನ್ ಮಗೀಗೆ ಏನಾಯ್ತೋ" ಎಂದು ಕೊರಗಿದ್ದಳು. ಚುಚ್ಚಿಸಿಕೊಂಡ ಮಗು ಆಗ ಬೀದಿಯಲ್ಲಿ ಆಡುತ್ತಿತ್ತು.

ಇಂಚರ ಆಡುವುದು ಖೋ ಖೋ. ಈ ಸಲ ಯಳಂದೂರಿನಲ್ಲಿ ಎರಡು ದಿನದ ಪಂದ್ಯ, ತಂಡದವರೆಲ್ಲ ಅಲ್ಲೇ ಉಳಿಯಬೇಕು. ಪಿ.ಟಿ. ಮೇಷ್ಟ್ರು ಜಡೇಸ್ವಾಮಿ ಒಂದು ಮಾತು ಕೇಳಿದರು: "ಅಕಸ್ಮಾತ್ ಬಿದ್ದು ಎದ್ದು ಆ ಮಿಷಿನ್ ಕಿತ್ಕಂಡ್ರೆ ನಾನ್ ಏನ್ ಮಾಡ್ಲಿ? ಆಕಕ್ ಗೊತ್ತಿರೋರು ಒಬ್ರು ಜೊತೇಲಿರ್ಬೇಕು." ಅಂಜನಾ, "ಅವ್ಳಿಗೇ ಗೊತ್ತು ಸಾ, ಗುಂಡಿ ಅದುಮೋದು ಅಷ್ಟೇಯ" ಎಂದಳು. ಮೇಷ್ಟ್ರು ಒಪ್ಪಿದರು. ಅಲ್ಲಿಗೆ ಎಲ್ಲವೂ ಸರಿಯಾಗಿತ್ತು. ಅಂಜನಾ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಹನೂರಿಗೆ ಹೊರಟಳು. ಹೋಗುವಾಗ ಅನ್ನ ಸಾರಿನ ಬಗ್ಗೆ, ಬಾಗಿಲ ಬಗ್ಗೆ, ಗ್ಯಾಸಿನ ಬಗ್ಗೆ ಎಲ್ಲ ಹೇಳಿದಳು. ಮಾವನವರನ್ನು ಆ ಡಬ್ಬಿಯಿಂದ ದೂರ ಇಡಿ ಎಂದು ಹೇಳುವುದು ಮರೆತಳು.

ಮಾರನೆಯ ದಿನವೇ ಗೋವಿಂದಯ್ಯನವರ ಕಿವಿಗೆ ಡಬ್ಬಿ ಕಿರ್ ಎನ್ನುವುದು ಕೇಳಿಸಿತು. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಮಗ್ಗದಲ್ಲಿ ಕಿರ್ ಎಂದದ್ದಕ್ಕೆಲ್ಲ ಎರಡು ಹನಿ ಎಣ್ಣೆ ಬಿಟ್ಟೇ ಬದುಕು ಸಾಗಿಸಿದವರು ಅವರು. ಇದಕ್ಕೂ ಬಿಟ್ಟರು. ಎಣ್ಣೆ ಒಳಗೆ ಇಳಿಯಲಿಲ್ಲವೆಂದು ಡಬ್ಬಿ ಬಿಚ್ಚಿದರು. ಸ್ಪ್ರಿಂಗು ಇಂಥದೊಂದು ಅವಕಾಶಕ್ಕೇ ಕಾಯುತ್ತಿದ್ದಂತೆ ಚಿಮ್ಮಿ, ಅಜ್ಜಿ ಕೇರುತ್ತಿದ್ದ ಹುರುಳಿಯ ಮೊರಕ್ಕೆ ಬಿತ್ತು. ಅದನ್ನು ಹುಡುಕಿ ಒರೆಸಿ ಮತ್ತೆ ಕೂರಿಸಿದ್ದಾಯಿತು. ಇಂಚರ ಶಾಲೆಯಿಂದ ಬಂದು ಗುಂಡಿ ಅದುಮಿ ನೋಡಿದಳು. ಡಬ್ಬಿ 'ಟಪ್' ಎನ್ನಲಿಲ್ಲ. ಮುದುಕರು ಕೂರುವಾಗ ಬಿಡುವಂಥ ಒಂದು ನಿಟ್ಟುಸಿರು ಬಿಟ್ಟಿತು.

"ಯಾಕ್ ತಾತ ಬಿಚ್ಚುದ್ರಿ?"

"ಎಣ್ಣೆ ಕಾಣ್ದಿರ ಮಿಷಿನು ಎಷ್ಟ್ ದಿನ ಬಾಳ್ತದೆ ಕೂಸೆ?"

"ನಿನ್ನೆಗಂಟ ಬಾಳ್ತಿತ್ತು."

ಮೈಸೂರಿನ ಅಂಗಡಿಗೆ ಫೋನು ಮಾಡಿದ್ದಾಯಿತು. ಬೇರೆ ಡಬ್ಬಿ ಬರುವುದು ಮುಂದಿನ ವಾರದ ಕೊನೆಗೆ. ಪಂದ್ಯ ಇರುವುದು ಅದಕ್ಕೂ ಮೊದಲು. "ಡಬ್ಬಿ ಇಲ್ದಿದ್ರೇನು, ಅದೇ ಸೆಟ್ಟನ್ನ ಕೈಯಲ್ಲೂ ಹಾಕ್ಬೋದಲ್ಲ" ಎಂದು ಅಂಗಡಿಯವನು ತುಂಬ ಸಲೀಸಾಗಿ ಹೇಳಿ ಫೋನಿಟ್ಟ. ಕೈಯಲ್ಲಿ ಎಂದರೆ ಯಾರ ಕೈಯಲ್ಲಿ? ಶಿವಪ್ರಕಾಶನಿಗೆ ಆ ಕ್ಷಣವೇ ಅಂಗಡಿಬೀದಿಯಲ್ಲಿ ತುರ್ತು ಕೆಲಸ ನೆನಪಾಯಿತು. ಅಜ್ಜಿ ತನ್ನ ಕೈಯನ್ನು ಮುಂದೆ ಚಾಚಿ, ಅದು ಎಷ್ಟು ನಡುಗುತ್ತದೆಂದು ಎಲ್ಲರಿಗೂ ತೋರಿಸಿದಳು.

"ನಾನೇ ಆಕ್ಕತೀನಿ" ಎಂದಳು ಇಂಚರ.

"ಹೆಣ್ಮಗ ತನ್ ಹೊಟ್ಟೆಗ್ ತಾನೇ ಸೂಜಿ ಚುಚ್ಕತದ? ನೋಡ್ದೋರ್ ಏನಂದಾರು?" ಎಂದರು ಗೋವಿಂದಯ್ಯ.

"ನನ್ ಹೊಟ್ಟೆ ನೋಡೋರು ಯಾರ್ ತಾತ?"

ಗೋವಿಂದಯ್ಯ ಅಜ್ಜಿಯ ಕೈಯ ಪಕ್ಕಕ್ಕೆ ತಮ್ಮ ಎರಡು ಕೈಗಳನ್ನು ಚಾಚಿದರು. "ಕೂದ್ಲಂಗಿರೋ ರೇಸ್ಮೆ ಎಳೆನ ಕತ್ಲಲ್ಲೂ ಗಂಟಾಕಿವ್ನಿ. ಇದೊಂದು ಸೂಜಿ ಎಚ್ಚಾ? ನಾನೇ ಆಕ್ತೀನಿ. ಯಳಂದೂರ್ಗೂ ನಾನೇ ಬತ್ತೀನಿ."

ಇಂಚರಳ ಎದೆ ಧಸಕ್ಕೆಂದದ್ದು ಸೂಜಿಗಲ್ಲ, ಆ ಕೊನೆಯ ಮಾತಿಗೆ. ಕಣ್ಣಿಗೆ ಕಟ್ಟಿತು: ಪಂಚೆ ಎತ್ತಿ ಕಟ್ಟಿ, ಬಿಸಿಲಿಗೆ ಕೊಡೆ ಬಿಚ್ಚಿಕೊಂಡು, ಹನ್ನೆರಡು ಜನ ಹುಡುಗಿಯರ ನಡುವೆ ಬೆಂಚಿನ ಮೇಲೆ ತಾತ. ಅವಳು ಎದುರಾಳಿಯನ್ನು ಮುಟ್ಟಲು ಹಾರಿ ಬೀಳುವ ಪ್ರತಿ ಸಲವೂ "ಮೆಲ್ಲುಗ್ ಬೀಳವ್ವ." ರಾತ್ರಿ ಹುಡುಗಿಯರೆಲ್ಲ ಮಲಗುವ ಕೋಣೆಯ ಬಾಗಿಲಲ್ಲಿ ಕಾವಲು. ಇದಕ್ಕಿಂತ ಹೋಗದೇ ಇರುವುದು ವಾಸಿ. ಹೋಗದೇ ಇದ್ದರೆ ಅವಳ ಜಾಗಕ್ಕೆ ಇನ್ನೊಬ್ಬಳು ಸಿದ್ಧವಾಗಿಯೇ ಇದ್ದಾಳೆ. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ತಾತನೂ ಇಲ್ಲ.

ಅಜ್ಜಿಗೆ ಇನ್ನೊಂದು ದಾರಿ ಹೊಳೆಯಿತು. "ನಂಗಾದ್ರೆ ಬಸ್ಸು ಫ್ರೀ. ನಾ ಓಯ್ತೀನಿ ಜೊತೇಲಿ."

"ನೀ ಓಗಿ ಏನ್ ಮಾಡೀಯೆ, ಕೈ ನಡುಗ್ಸೀಯ? ಕೂತ್ಕ" ಎಂದರು ಗೋವಿಂದಯ್ಯ.

ಭಾನುವಾರ ಬೆಳಿಗ್ಗೆ ಸೆಟ್ಟು ಬದಲಾಯಿಸುವ ದಿನ. ಗೋವಿಂದಯ್ಯ ಕೈ ತೊಳೆದರು. ಅಷ್ಟು ಸಾಕಿತ್ತು. ಅವರು ಕಾಲನ್ನೂ ತೊಳೆದು, ಹಣೆಗೆ ವಿಭೂತಿ ಧರಿಸಿ, ಕನ್ನಡಕ ಒರೆಸಿ, ಹೊಸ ಹಾಸು ಕಟ್ಟುವ ದಿನದ ಹಾಗೆ ಮಗ್ಗಕ್ಕೆ ಕೈಮುಗಿದು ಬಂದರು. ಸದಾಶಿವಪ್ಪನವರು ಸಾಕ್ಷಿಗೆಂದು ಒಳಗೆ ಬರಲು ನೋಡಿದರು. ಇಂಚರ ಬಾಗಿಲು ಹಾಕಿದಳು. ಅವರು ಬೇಸರ ಮಾಡಿಕೊಳ್ಳದೆ ಜಗುಲಿಯ ಮೇಲೆ, ಕಿಟಕಿಯ ಕೆಳಗೆ, ಕಿವಿಗೆ ಅನುಕೂಲವಾದ ಜಾಗ ಹಿಡಿದು ಕೂತರು.

ಇಲ್ಲಿ ಗೋವಿಂದಯ್ಯನವರ ವೇದದ ಬಗ್ಗೆ ಒಂದು ಮಾತು ಹೇಳಲೇಬೇಕು. ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಾಸು ಸಡಿಲವಾದರೆ ಲಾಳಿ ಎಡವುತ್ತದೆ, ಎಳೆ ಕಡಿಯುತ್ತದೆ, ಸೀರೆಯ ಮೈ ಸುಕ್ಕುಗಟ್ಟುತ್ತದೆ. ಬೆರಳಲ್ಲಿ ತಟ್ಟಿದರೆ ನಾದ ಬರುವಷ್ಟು ಬಿಗಿ ಇರಬೇಕು. ಇದು ಅವರ ವೇದ. ಮಗ್ಗದ ಮಟ್ಟಿಗೆ ಅದು ಸತ್ಯವೂ ಹೌದು. ಆದರೆ ಅವರು ಆ ವೇದವನ್ನು ಮಗ್ಗದಲ್ಲೇ ಬಿಟ್ಟು ಏಳುತ್ತಿರಲಿಲ್ಲ. ಬಟ್ಟೆ ಒಣಹಾಕುವ ತಂತಿ ಬಿಗಿ, ಮಂಚದ ನವಾರು ಬಿಗಿ, ಮಗ ಬಿಗಿ, ಸೊಸೆ ಬಿಗಿ. ಈ ಮನೆಯಲ್ಲಿ ಜೋಲುಬಿದ್ದದ್ದೆಂದರೆ ಸದಾಶಿವಪ್ಪನವರ ಬನಿಯನ್ನು ಒಂದೇ, ಅದೂ ಎದುರುಮನೆಯದು.

ಹೀಗಾಗಿ ಅವರು ಮೊಮ್ಮಗಳ ಹೊಟ್ಟೆಯ ಪಕ್ಕದ ಚರ್ಮವನ್ನು ಎಡಗೈಯ ಎರಡು ಬೆರಳಲ್ಲಿ ಅಗಲಿಸಿ ಎಳೆದು ಹಿಡಿದರು. ಮೊದಲೇ ಓಡಿ ಓಡಿ ಒಣಗಿದ ಮೈ. ಬಲಗೈಯ ಬೆರಳಿಂದ ಮೆಲ್ಲಗೆ ತಟ್ಟಿಯೂ ನೋಡಿದರು.

"ತಾತ, ಅಷ್ಟ್ ಎಳೀಬೇಕಾ?"

"ಸಡಲ್ ಬಟ್ಟೆಗ್ ಯಾರಾರ ಸೂಜಿ ಆಕ್ತಾರ ಕೂಸೆ? ಸುಮ್ಕಿರು."

ಹೊರಗಿನಿಂದ ಸದಾಶಿವಪ್ಪನವರ ದನಿ: "ಓಯ್ತಾ?"

ಸೂಜಿ ಹೋಯಿತು. ನೇರವಾಗಿ, ನಡುಗದೆ ಹೋಯಿತು. ಕೈಯ ಬಗ್ಗೆ ತಾತ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಳಗೆಲ್ಲೋ ಚುರುಕ್ಕೆಂದಿತು. ಡಬ್ಬಿಯಲ್ಲಿ ಹಾಕಿದಾಗ ಹಾಗಾಗುತ್ತಿರಲಿಲ್ಲ. ತಾತನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆಯೊಂದು ಕಾಣಿಸಿದ್ದರಿಂದ ಇಂಚರ "ಏನೂ ನೋವಿಲ್ಲ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಸುದ್ದಿ ಬೆಳೆದಿತ್ತು. ಮೈಸೂರಿನ ಡಾಕ್ಟರಿಗೆ ಆಗದ ಕೆಲಸವನ್ನು ಗೋವಿಂದಯ್ಯ ಮಾಡಿದರು ಎನ್ನುವಲ್ಲಿಂದ ಶುರುವಾಗಿ, ಇನ್ನು ಮೇಲೆ ಪಂಪೇ ಬೇಕಾಗಿಲ್ಲವಂತೆ ಎನ್ನುವವರೆಗೆ. ತಾತ ಜಗುಲಿಯಲ್ಲಿ ಕೂತು ಯಾವುದನ್ನೂ ಅಲ್ಲಗಳೆಯಲಿಲ್ಲ.

ಊಟವಾದ ಮೇಲೆ ಇಂಚರಳಿಗೆ ಬಾಯಾರಿಕೆ. ಒಂದು ಚೊಂಬು ನೀರು ಕುಡಿದಳು, ಇನ್ನೊಂದು ಕುಡಿದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರ ಎಂಬತ್ತು. ಪಂಪಿನಲ್ಲಿ ಇನ್ನಷ್ಟು ಇನ್ಸುಲಿನ್ ಒತ್ತಿದಳು. ಒಂದು ಗಂಟೆ ಕಳೆದು ನೋಡಿದರೆ ಮುನ್ನೂರ ನಲವತ್ತು. ತಲೆ ಭಾರ.

ಮನೆಯಲ್ಲಿ ತನಿಖೆ ಆರಂಭವಾಯಿತು. ಆರೋಪಿ ಒಬ್ಬಳೇ ಆದ್ದರಿಂದ ತನಿಖೆ ಸುಲಭವಿತ್ತು.

"ಏನ್ ತಿಂದಮ್ಮಿ? ನಿಜ ಏಳು" ಎಂದಳು ಅಜ್ಜಿ.

"ನೀನ್ ಇಕ್ಕಿದ್ದೇ ತಿಂದಿದ್ದು ಅಜ್ಜಿ."

"ನಾ ಇಕ್ಕಿದ್ರಲ್ಲಿ ಏನಿತ್ತು, ಅನ್ನ ಸಾರು. ಅದ್ರಿಂದ ಯಾರ್ಗ್ ಏನಾಗದೆ?"

ಆ ಬೆಳಿಗ್ಗೆಯೂ ಅಂಗಡಿಬೀದಿಗೆ ಹೋಗಿ ವಾಪಸು ಬಂದಿದ್ದ ಶಿವಪ್ರಕಾಶ, ಮನಸ್ಸಿಗೆ ಒತ್ತಡವಾದರೂ ಸಕ್ಕರೆ ಏರುತ್ತದೆಂದು ಫೋನಿನಲ್ಲಿ ಓದಿ ಹೇಳಿ, "ಒತ್ತಡ ಮಾಡ್ಕಬೇಡ" ಎಂದು ಮಗಳಿಗೆ ಗದರಿದ. ಸದಾಶಿವಪ್ಪನವರು ಎಲೆ ತಂದರು. ಹಾಗಲಕಾಯಿ ರಸ ಬಂತು. ನಡುವೆ ಪಂಪು ಕಿಂ ಕಿಂ ಎಂದು ಕೂಗಿಕೊಂಡಿತು. ಇನ್ಸುಲಿನ್ ಮುಂದಕ್ಕೆ ಹೋಗುತ್ತಿಲ್ಲ ಎನ್ನುವುದು ಅದರ ಅಳಲು. ಅಲ್ಲಿದ್ದವರಲ್ಲಿ ಕಾಯಿಲೆಗೆ ಸಂಬಂಧಪಟ್ಟ ಮಾತಾಡಿದ್ದು ಅದೊಂದೇ.

"ತಾತ, ಸೆಟ್ಟು ಸರಿಯಾಗ್ ಕೂತಿಲ್ಲ ಅನ್ಸುತ್ತೆ."

"ಕೈ ಕೆಲ್ಸದಲ್ಲಿ ದೋಸ ಇಲ್ಲ. ದೋಸ ಇದ್ರೆ ಸೆಟ್ಟಲ್ಲೇ."

ಇಂಚರ ಇನ್ನು ವಾದಕ್ಕೆ ನಿಲ್ಲಲಿಲ್ಲ. ಮೈಸೂರಿನ ಆಸ್ಪತ್ರೆಯ ಯಶೋದ ಸಿಸ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟಳು. ಪಂಪು ಹಾಕಿದ ಮೊದಲ ದಿನ ಎಲ್ಲ ಕಲಿಸಿಕೊಟ್ಟವರು ಅವರೇ. ಸಿಸ್ಟರು ಎಲ್ಲ ಕೇಳಿ, ಗಾಬರಿಯಾಗದೆ, "ಕೈಯಲ್ಲಿ ಹಾಕಿದ್ದು ಯಾರು?" ಎಂದರು.

"ನಾನು ಕಣವ್ವ" ಎಂದರು ಗೋವಿಂದಯ್ಯ, ಫೋನಿನ ಹತ್ತಿರ ಸರಿದು.

"ಚರ್ಮ ಹೇಗೆ ಹಿಡ್ಕೊಂಡಿದ್ರಿ ಯಜಮಾನ್ರೆ?"

"ಬಿಗಿಯಾಗಿ. ಹಾಸ್ ಕಟ್ಟುದಂಗೆ. ತಟ್ಟುದ್ರೆ ನಾದ ಬರ್ಬೇಕು ನೋಡಿ, ಅಂಗೆ."

"ಮಗು ಹೊಟ್ಟೆಯಿಂದ ನಾದ ಯಾಕೆ ಬರ್ಬೇಕು ಯಜಮಾನ್ರೆ?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಿಸ್ಟರು ಬಿಡಿಸಿ ಹೇಳಿದರು. ತೆಳ್ಳಗಿನ ಹುಡುಗಿ. ಚರ್ಮ ಎಳೆದು ಹಿಡಿದರೆ ಅದರಡಿಯ ಮೆತ್ತನೆ ಪದರ ಇನ್ನೂ ತೆಳ್ಳಗಾಗುತ್ತದೆ. ಕೊಳವೆ ಹೋಗಿ ಕೆಳಗಿನ ಗಟ್ಟಿ ಮಾಂಸಕ್ಕೆ ತಾಕಿ ಮಡಚಿಕೊಳ್ಳುತ್ತದೆ. ಎಳೆಯಬಾರದು, ಎರಡು ಬೆರಳಲ್ಲಿ ಹಗುರವಾಗಿ ಚಿವುಟಿ ಮೇಲಕ್ಕೆ ಎತ್ತಿ ಹಿಡಿಯಬೇಕು, ಚಪಾತಿ ಹಿಟ್ಟು ಹಿಡಿದ ಹಾಗೆ. "ಮೊದ್ಲು ಪೆನ್ನಲ್ಲಿ ಇನ್ಸುಲಿನ್ ತಗೋ ಇಂಚರ, ನಾನು ಹೇಳೋ ಅಷ್ಟು. ಅದು ತಡ ಮಾಡ್ಬಾರ್ದು. ಆಮೇಲೆ ಇದನ್ನ ಕಿತ್ತು ಹೊಸದು ಹಾಕಿ. ಇಳೀದೇ ಇದ್ರೆ ಕೂಡ್ಲೇ ಆಸ್ಪತ್ರೆಗೆ ಬನ್ನಿ."

ಪಂಪು ಕೈಕೊಟ್ಟರೆ ಇರಲೆಂದು ಇಟ್ಟಿದ್ದ ಚುಚ್ಚುಮದ್ದಿನ ಪೆನ್ನಿನಲ್ಲಿ ಇನ್ಸುಲಿನ್ ತೆಗೆದುಕೊಂಡದ್ದಾಯಿತು. ಬಿಲ್ಲೆ ಕಿತ್ತು ನೋಡಿದರೆ ಕೊಳವೆಯ ತುದಿ ಮೀನಿನ ಗಾಳದ ಹಾಗೆ ಬಾಗಿತ್ತು. ಗೋವಿಂದಯ್ಯ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಅವರು ಏನೂ ಹೇಳದೇ ಇದ್ದದ್ದು ಈ ಮನೆಯಲ್ಲಿ ಹಿಂದೆ ಯಾವಾಗ ಎಂದು ಯಾರಿಗೂ ನೆನಪಾಗಲಿಲ್ಲ.

"ಇನ್ನೊಂದ್ ಕೊಡು. ಸಡಲವಾಗೇ ಇಡೀತೀನಿ" ಎಂದರು ಕೊನೆಗೆ.

ಹಿಡಿದರು. ಚಿವುಟಿ ಎತ್ತುವವರೆಗೆ ಬೆರಳು ಮಾತು ಕೇಳಿದವು. ಬಲಗೈ ಸೆಟ್ಟು ಹಿಡಿದು ಹತ್ತಿರ ಬಂದದ್ದೇ ತಡ, ಎಡಗೈಯ ಬೆರಳು ತಾವಾಗಿಯೇ ಅಗಲವಾಗಿ, ಚರ್ಮ ಮತ್ತೆ ತಮಟೆ. ಇನ್ನೊಮ್ಮೆ ನೋಡಿದರು, ಅದೇ ಆಯಿತು. ಅಜ್ಜಿ ಒಳಗಿನಿಂದ ಚಪಾತಿ ಹಿಟ್ಟೇ ತಂದು ಮುಂದಿಟ್ಟಳು, "ಇದ್ರ ಮ್ಯಾಲ್ ಕಲ್ತ್ಕಳಿ" ಎಂದು. ಗೋವಿಂದಯ್ಯ ಹಿಟ್ಟನ್ನು ಚಿವುಟಿದರು. ಸೂಜಿ ಹತ್ತಿರ ಬರುತ್ತಲೂ ಹಿಟ್ಟು ಹಪ್ಪಳವಾಯಿತು.

"ಹುಟ್ಟುದಾಗ್ಲಿಂದ ಒಂದ್ಸಲವಾರ ಸಡಲ ಬುಟ್ಟಿದ್ರೆ ತಾನೆ?" ಎಂದಳು ಅಜ್ಜಿ.

"ನೀ ಬಾಯ್ ಮಾತ್ರ ಬಿಗಿ ಇಡೀನಿಲ್ವಲ್ಲ ಒಂದಿನನೂ" ಎಂದರು ತಾತ. ಆದರೆ ಆ ಮಾತಿನಲ್ಲಿ ಎಂದಿನ ಖಾರ ಇರಲಿಲ್ಲ. ಅವರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು, ಬೇರೆ ಯಾರದೋ ಬೆರಳು ನೋಡುವ ಹಾಗೆ.

"ಕೊಡಿ ತಾತ" ಎಂದಳು ಇಂಚರ.

ಅವರು ಕೊಟ್ಟರು.

ಡಬ್ಬಿ ಇದ್ದಾಗ ಅವಳು ಸೆಟ್ಟಿನ ಈ ಉದ್ದ ಸೂಜಿಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಎಲ್ಲ ಒಳಗೊಳಗೇ ಆಗಿ ಹೋಗುತ್ತಿತ್ತು. ಈಗ ಅದು ಕಣ್ಣೆದುರಿಗಿತ್ತು, ತನ್ನದೇ ಬೆರಳ ತುದಿಯಲ್ಲಿ, ತನ್ನದೇ ಹೊಟ್ಟೆಯ ಕಡೆಗೆ ಮುಖ ಮಾಡಿಕೊಂಡು. ಅದುಮಲು ಗುಂಡಿ ಇಲ್ಲ. 'ಟಪ್' ಎನ್ನುವುದಕ್ಕೆ ತಾನೇ ಇರಬೇಕು. ಕೈ ಒಂದು ಸಲ ಹೋಗಿ ಅರ್ಧದಲ್ಲಿ ನಿಂತಿತು. ಇನ್ನೊಂದು ಸಲವೂ ನಿಂತಿತು. ತಾತ ಉಸಿರು ಹಿಡಿದು ಕೂತದ್ದು ಅವಳಿಗೆ ಗೊತ್ತಾಯಿತು, ಅವರ ಮೂಗಿನ ಸದ್ದು ನಿಂತುಹೋಗಿತ್ತಲ್ಲ. ಈಗ ಹಾಕದಿದ್ದರೆ ಯಳಂದೂರಿನ ಬೆಂಚಿನ ಮೇಲೆ ಕೊಡೆ ಖಂಡಿತ. ಇಂಚರ ಪಕ್ಕೆಯ ಚರ್ಮವನ್ನು ಹಗುರವಾಗಿ ಚಿವುಟಿ ಎತ್ತಿದಳು, ಕಣ್ಣು ಮುಚ್ಚಲಿಲ್ಲ, ಒಂದೇ ಸಲಕ್ಕೆ ನೇರವಾಗಿ ಒತ್ತಿದಳು.

ಬಿಲ್ಲೆ ಅಂಟಿಕೊಂಡಿತು. ಸೂಜಿಯನ್ನು ಹೊರಗೆಳೆದಳು. ಸೋದರಮಾವ ಸುಖವಾಗಿ ವಾಪಸು ಬಂದ. ಪಕ್ಕದ ಕೋಣೆಯಲ್ಲಿ ಏನೋ ಜಾರಿದ ಸದ್ದಾಯಿತು. ಅದು ಅಪ್ಪ, ಗೋಡೆಗೊರಗಿದ್ದು.

"ಓಯ್ತಾ?" ಎಂದರು ಸದಾಶಿವಪ್ಪನವರು ಕಿಟಕಿಯ ಕೆಳಗಿನಿಂದ.

ದೀಪ ಹಚ್ಚುವ ಹೊತ್ತಿಗೆ ಸಕ್ಕರೆ ಇನ್ನೂರರ ಕೆಳಗೆ ಬಂತು. ಊಟದ ಹೊತ್ತಿಗೆ ನೂರ ಮೂವತ್ತು. ಅಜ್ಜಿ ಹಾಗಲಕಾಯಿ ರಸ ಕೆಲಸ ಮಾಡಿತೆಂದು ಸಮಾಧಾನಪಟ್ಟಳು. ಸದಾಶಿವಪ್ಪನವರಿಗೆ ಅದು ಎಲೆಯ ಮಹಿಮೆ. ಒತ್ತಡ ಇಳಿದಿದೆ ಎಂದ ಶಿವಪ್ರಕಾಶ. ಹನೂರಿನಿಂದ ಫೋನು ಮಾಡಿದ ಅಂಜನಾ ಎಲ್ಲ ಕೇಳಿ, "ಎಲ್ರೂ ಒಂದ್ ಗಳಿಗೆ ಆಚೆ ಓಗಿ, ಮಗೀಗ್ ಫೋನ್ ಕೊಡಿ" ಎಂದಳು. ಮಗಳ ಹತ್ತಿರ ಕೇಳಿದ್ದು ಒಂದೇ ಮಾತು, "ಎದುರಿಕೆ ಆಯ್ತಾ?" ಇಂಚರ "ಊಂ" ಎಂದಳು. ದಿನವಿಡೀ ಅದನ್ನು ಕೇಳಿದವರು ಯಾರೂ ಇರಲಿಲ್ಲ.

ತಟ್ಟೆ ಮುಂದೆ ಕೂತಾಗ ಗೋವಿಂದಯ್ಯ ಮುದ್ದೆ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: "ಯಳಂದೂರ್ಗೆ ನಾ ಬರಕಾಗಾಕಿಲ್ಲ. ಮಂಡಿ ನೋವು."

ಆ ಮಂಡಿ ಬೆಳಿಗ್ಗೆಯವರೆಗೆ ಚೆನ್ನಾಗಿಯೇ ಇತ್ತು. ಅಜ್ಜಿ ಬಾಯಿ ತೆಗೆದಳು, ಇಂಚರ ಮೇಜಿನಡಿ ಅಜ್ಜಿಯ ಕಾಲು ತುಳಿದಳು, ಅಜ್ಜಿ ಬಾಯಿ ಮುಚ್ಚಿದಳು.

ಮಾರನೆಯ ದಿನದಿಂದ ಬೀದಿಯಲ್ಲಿ ಬೇರೆ ಕಥೆ ಓಡಾಡಿತು. ಗೋವಿಂದಯ್ಯ ಮೊಮ್ಮಗಳಿಗೆ ಕೈಯಲ್ಲೇ ಸೆಟ್ಟು ಹಾಕುವ ವಿದ್ಯೆ ಕಲಿಸಿದ್ದಾರೆ, ಮೊದಲು ಹೇಗೆ ಹಾಕಬಾರದೆಂದು ತಾವೇ ಒಮ್ಮೆ ಹಾಕಿ ತೋರಿಸಿದರಂತೆ. ಇಂಚರ ಇದನ್ನು ಕೇಳಿ, ಕೂಲಂಕಷವಾಗಿ ಯೋಚಿಸಿದರೆ ಇದು ಸುಳ್ಳಲ್ಲವೆಂದು ಸುಮ್ಮನಾದಳು.

ಯಳಂದೂರಿನಲ್ಲಿ ಎರಡನೆಯ ದಿನದ ಆಟ. ಪಂಪನ್ನು ಬಿಚ್ಚಿ ಮೇಷ್ಟ್ರ ಕೈಗೆ ಕೊಟ್ಟು ಇಳಿದಿದ್ದಳು, ಬಿಲ್ಲೆ ಮಾತ್ರ ಮೈಮೇಲಿತ್ತು. ಕಂಬದ ಹತ್ತಿರ ಹಾರಿ ಬಿದ್ದು ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಆಕೆ ಔಟು. ಎದ್ದು ನೋಡಿದರೆ ಬೆವರಿಗೆ, ಕೆಮ್ಮಣ್ಣಿನ ಉಜ್ಜಿಗೆ ಬಿಲ್ಲೆ ಕಿತ್ತು ನೇತಾಡುತ್ತಿತ್ತು. ವಿರಾಮಕ್ಕೆ ಸೀಟಿ ಊದಿದರು, ಅವಳು ಮೈದಾನದ ಅಂಚಿನ ಕೋಣೆಗೆ ಹೋದಳು. ಜಡೇಸ್ವಾಮಿ ಮೇಷ್ಟ್ರು ಪಂಪನ್ನೂ ಚೀಲವನ್ನೂ ತಂದುಕೊಟ್ಟು, "ಏನಾರ ಬೇಕಾದ್ರೆ ಕರೀಯವ್ವ" ಎಂದು ಹೇಳಿ, ಬಾಗಿಲಾಚೆ ಅವಳಿಗೆ ಬೆನ್ನು ಮಾಡಿ, ಕಣ್ಣನ್ನೂ ಮುಚ್ಚಿಕೊಂಡು ನಿಂತರು. ಇಂಚರ ಕೋಣೆಯ ಮೂಲೆಯಲ್ಲಿ ಕೂತು, ಮೈ ಒರೆಸಿ, ಚಿವುಟಿ ಎತ್ತಿ, ಒತ್ತಿದಳು. ಸೂಜಿ ತೆಗೆದು ಹಳೆ ಸೂಜಿಗಳ ಡಬ್ಬಕ್ಕೆ ಹಾಕುತ್ತಿರುವಾಗ ಫೋನು ಬಡಿದುಕೊಂಡಿತು.

"ಕೂಸೆ, ಒಂದ್ ಮಾತು" ಎಂದರು ಗೋವಿಂದಯ್ಯ. "ಬಿಗಿ ಇಡೀಬ್ಯಾಡ ಕಣವ್ವ. ಸಡಲವಾಗ್ ಎತ್ಕಬೇಕು. ಬಿಗಿ ಇಡುದ್ರೆ ಏನಾಯ್ತದೆ ಅಂದ್ರೆ, ಒಳೀಕ್ಕೆ ಕೊಳವೆ ಮಡಚ್ಕತದೆ. ಸುಮಾರ್ ಜನಕ್ಕೆ ಇದ್ ಗೊತ್ತಿಲ್ಲ."

"ಊಂ ತಾತ."

"ನೆಪ್ಪಿಟ್ಕ."

"ಊಂ ತಾತ."

ಹೊರಗೆ ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಫೋನಿನೊಳಗೆ, ತಾತನ ದನಿಯ ಹಿಂದಿನಿಂದ, ಜಗುಲಿಯ ಮೇಲಿಂದ ಇನ್ನೊಂದು ದನಿ ಬಂತು: "ಓಯ್ತಾ?"

"ಓಯ್ತು ಅಂತೇಳಿ ತಾತ" ಎಂದು ಇಂಚರ ಫೋನನ್ನು ಚೀಲಕ್ಕೆ ಹಾಕಿ, ಅಂಗಿ ಇಳಿಬಿಟ್ಟುಕೊಂಡು ಆಟಕ್ಕೆ ಓಡಿದಳು.